ವಿನಾಯಿತಿ ದೆಹಲಿಯಲ್ಲಿ, ಪುರಾವೆ ತಾಲ್ಲೂಕು ಕಚೇರಿಯಲ್ಲಿ



2024-25ರ ಸಾಲಿನಲ್ಲಿ ರೊಬಸ್ಟಾ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದ ಮೇಲೆ ನಮ್ಮ ಸಂಘದ ಕಚೇರಿಗೆ ಬರುವವರ ಬಾಯಲ್ಲಿ ಒಂದು ಹೊಸ ಪ್ರಶ್ನೆ ಕೇಳಿಬರುತ್ತಿದೆ. ಮೊದಲೆಲ್ಲ ಗೊಬ್ಬರ ಬಂತೆ, ಮೈಲುತುತ್ತ ಬಂತೆ ಎಂದು ಕೇಳುತ್ತಿದ್ದವರು ಈಗ ದನಿ ತಗ್ಗಿಸಿ, "ಇನ್‌ಕಂ ಟ್ಯಾಕ್ಸಿನವರು ನಮ್ಮನ್ನೂ ಕೇಳುತ್ತಾರಂತೆ, ಹೌದೆ ಸ್ವಾಮಿ?" ಎನ್ನುತ್ತಾರೆ. ಜೊತೆಯಲ್ಲಿ ಬಂದವರೊಬ್ಬರು, "ಬೇಸಾಯದ ದುಡ್ಡಿಗೆ ತೆರಿಗೆ ಇಲ್ಲ, ಸುಮ್ಮನಿರಿ" ಎಂದು ಅವರ ಬಾಯಿ ಮುಚ್ಚಿಸುತ್ತಾರೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ವಿಚಾರ ಮಾಡುವುದು ಈ ಬರಹದ ಉದ್ದೇಶ.

ಮೊದಲಿಗೆ ಕಾನೂನಿನ ಮಾತು. ಕೃಷಿ ಆದಾಯವನ್ನು ಆದಾಯ ತೆರಿಗೆಯಿಂದ ಹೊರಗಿಟ್ಟದ್ದು ನಿನ್ನೆ ಮೊನ್ನೆಯ ದಯೆಯಲ್ಲ. 1886ರ ಕಾಯ್ದೆಯಿಂದಲೂ ಅದು ಹಾಗೆಯೇ ಬಂದಿದೆ. ನಮ್ಮ ಸಂವಿಧಾನದಲ್ಲಿ ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳದ್ದು, ಉಳಿದ ಆದಾಯದ ಮೇಲಿನದು ಕೇಂದ್ರದ್ದು. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿದ್ದ ವಿನಾಯಿತಿ, 2026ರ ಏಪ್ರಿಲ್ 1 ಜಾರಿಯ ದಿನಾಂಕವಾಗಿರುವ 2025ರ ಹೊಸ ಕಾಯ್ದೆಯಲ್ಲಿಯೂ ಉಳಿದಿದೆ. ಆದ್ದರಿಂದ ಈ ಬಗ್ಗೆ ಹಬ್ಬಿರುವ ಗಾಳಿಮಾತುಗಳಿಗೆ ಸದಸ್ಯರು ಕಿವಿಗೊಡಬೇಕಾಗಿಲ್ಲ.

ಕಾಫಿಯ ವಿಷಯದಲ್ಲಿ ಒಂದು ಗೆರೆ ಎಳೆಯಲಾಗಿದೆ. ಹಣ್ಣನ್ನು ಹಾಗೆಯೇ ಮಾರಿದರೂ, ಕಣದಲ್ಲಿ ಒಣಗಿಸಿ ಚೆರ್ರಿಯಾಗಿ ಮಾರಿದರೂ, ಪಲ್ಪಿಂಗ್ ಮಾಡಿ ಪಾರ್ಚ್‌ಮೆಂಟಾಗಿ ಮಾರಿದರೂ ಬಂದ ಹಣ ಪೂರ್ತಿ ಕೃಷಿ ಆದಾಯವೇ. ಬೆಳೆದವನೇ ಕ್ಯೂರಿಂಗ್ ಮಾಡಿಸಿ ಬೀಜ ಮಾರಿದರೆ, 2002ರಲ್ಲಿ ಸೇರಿಸಿದ 7ಬಿ ನಿಯಮದಂತೆ ಅದರ ನಾಲ್ಕನೆಯ ಒಂದು ಭಾಗ ವ್ಯಾಪಾರದ ಆದಾಯವೆಂದು ಲೆಕ್ಕ. ಹುರಿದು ಪುಡಿ ಮಾಡಿ ಮಾರಿದರೆ ಶೇ. 40 ಭಾಗ. ಸತ್ತ ಗಿಡಗಳ ಜಾಗದಲ್ಲಿ ಹೊಸ ಗಿಡ ನೆಟ್ಟ ಖರ್ಚನ್ನು ಕಳೆಯಲು ಅದೇ ನಿಯಮ ಅವಕಾಶ ಕೊಟ್ಟಿದೆ. ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸುವುದು ಬೆಳೆಗಾರ ಸಾಮಾನ್ಯವಾಗಿ ಮಾಡುವ ಕೆಲಸವಾದ್ದರಿಂದ ಅದರಿಂದ ಆದಾಯದ ಸ್ವರೂಪ ಬದಲಾಗದು. ತೋಟದಲ್ಲಿ ನಾವೇ ನೆಟ್ಟು ಸಾಕಿದ ಸಿಲ್ವರ್ ಓಕ್ ಮರದ ಹಣ ಕೃಷಿ ಆದಾಯ; ತಾನಾಗಿ ಬೆಳೆದ ಕಾಡುಮರದ ಹಣ ಅಲ್ಲ. 1957ರಲ್ಲಿ ರಾಜಾ ಬಿನೋಯ್ ಕುಮಾರ್ ಸಹಾಸ್ ರಾಯ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಉಳುಮೆ, ನೆಡುವಿಕೆಯಂಥ ಮೂಲ ದುಡಿಮೆ ನೆಲದ ಮೇಲೆ ನಡೆದಿರಬೇಕೆಂದು ಹೇಳಿದ್ದು ಇಂದಿಗೂ ಆಧಾರ. ಇನ್ನು ಹಾಲಿನ ಹಣ, ಹೋಂಸ್ಟೇ ಬಾಡಿಗೆ, ಬ್ಯಾಂಕಿನ ಬಡ್ಡಿ ಇವು ಕೃಷಿ ಆದಾಯವಲ್ಲವೆಂಬುದು ಎಲ್ಲರಿಗೂ ತಿಳಿದೇ ಇದೆ.

ಬೇರೆ ಆದಾಯವೂ ಇರುವ ಸದಸ್ಯರಿಗೆ ಒಂದು ಮಾತು. ಕೆ. ಎನ್. ರಾಜ್ ಸಮಿತಿಯ ಸಲಹೆಯ ಮೇರೆಗೆ 1973ರಿಂದ ಕೃಷಿ ಆದಾಯವನ್ನು ದರ ನಿರ್ಧರಿಸಲು ಮಾತ್ರ ಬೇರೆ ಆದಾಯದ ಜೊತೆ ಕೂಡಿಸುತ್ತಾರೆ. ಇದರಿಂದ ಏನಾಗುತ್ತದೆಂಬುದಕ್ಕೆ ಲೆಕ್ಕವೊಂದನ್ನು ನೋಡೋಣ. 60 ವರ್ಷದೊಳಗಿನ ಒಬ್ಬ ಬೆಳೆಗಾರನಿಗೆ 2025-26ರಲ್ಲಿ ಬಾಡಿಗೆ, ಬಡ್ಡಿಗಳಿಂದ 5 ಲಕ್ಷ, ತೋಟದಿಂದ 10 ಲಕ್ಷ ಬಂತೆನ್ನಿ. ಹಳೆಯ ಪದ್ಧತಿಯಲ್ಲಿ 15 ಲಕ್ಷದ ಮೇಲಿನ ತೆರಿಗೆ 2,62,500; ಅದರಲ್ಲಿ 12.5 ಲಕ್ಷದ ಮೇಲಿನ 1,87,500 ಕಳೆದರೆ 75,000. ರಿಯಾಯಿತಿ 12,500 ಹೋಗಿ 62,500. ಸೆಸ್ ಸೇರಿ 65,000 ರೂಪಾಯಿ. ತೋಟವೇ ಇಲ್ಲದಿದ್ದರೆ ಅವನು ಒಂದು ಕಾಸೂ ಕೊಡಬೇಕಿರಲಿಲ್ಲ! ಅದೇ ಮನುಷ್ಯ ಹೊಸ ಪದ್ಧತಿಯಲ್ಲಿ ಲೆಕ್ಕ ಕೊಟ್ಟರೆ ಬರುವ ತೆರಿಗೆ 15,000 ಮಾತ್ರ, ಅದೂ ಹೊಸ ರಿಯಾಯಿತಿಯಲ್ಲಿ ಪೂರ್ತಿ ಮನ್ನಾ. ಏಕೆಂದರೆ 12 ಲಕ್ಷದ ಮಿತಿಯನ್ನು ನೋಡುವಾಗ ಕೃಷಿ ಆದಾಯವನ್ನು ಸೇರಿಸುವುದಿಲ್ಲ. ಹಳೆಯ ಪದ್ಧತಿಗೆ ಅಂಟಿಕೊಂಡಿರುವ ಸದಸ್ಯರು ತಮ್ಮ ಲೆಕ್ಕಿಗರನ್ನು ಈ ಒಂದು ಪ್ರಶ್ನೆ ಕೇಳಿದರೆ ಸಾಕು. ಕೃಷಿ ಆದಾಯ 5,000 ರೂಪಾಯಿ ದಾಟಿದರೆ ಕೂಡಿಸಬೇಕೆಂಬ ಮಿತಿ ಮಾತ್ರ ಹಲವು ವರ್ಷಗಳಿಂದ ಕದಲಿಲ್ಲ. 5,000 ರೂಪಾಯಿಗೆ ಇಂದು ಒಂದು ಮೂಟೆ ಕಾಫಿಯೂ ಬಾರದು. ದೆಹಲಿಯವರು ಇದನ್ನು ಯಾವಾಗ ಗಮನಿಸುತ್ತಾರೋ ಕಾಣೆವು.

ಇಷ್ಟೆಲ್ಲ ವಿನಾಯಿತಿ ಇದ್ದರೂ ನಮ್ಮ ಸದಸ್ಯರು ಸಿಕ್ಕಿಬೀಳುತ್ತಿರುವುದು ಎಲ್ಲಿ ಎಂಬುದೇ ವಿಚಾರಣೀಯ. ವಿನಾಯಿತಿ ಇದೆ ಎಂದು ಹೇಳುವುದು ಒಂದು ಇಲಾಖೆ. ನೀವು ಅದಕ್ಕೆ ಅರ್ಹರೆಂದು ತೋರಿಸುವ ಕಾಗದ ಇರುವುದು ಇನ್ನೊಂದು ಇಲಾಖೆಯಲ್ಲಿ. ಮೊದಲನೆಯದು ಕೇಂದ್ರದ ಆದಾಯ ತೆರಿಗೆ ಇಲಾಖೆ, ಎರಡನೆಯದು ರಾಜ್ಯದ ಕಂದಾಯ ಇಲಾಖೆ. ಎರಡಕ್ಕೂ ಪರಸ್ಪರ ಮಾತಿಲ್ಲ. ನಡುವೆ ನಿಂತವನು ಮೂರೆಕರೆಯ ಬೆಳೆಗಾರ.

ನಮ್ಮ ಸದಸ್ಯರೊಬ್ಬರ ಪ್ರಕರಣವನ್ನು ಊರು, ಹೆಸರು ಬಿಟ್ಟು ಹೇಳುತ್ತೇವೆ. ಕಾಫಿ, ಅಡಿಕೆ ಮಾರಿದ ಹಣ, ಶುಂಠಿಗೆ ಕೊಟ್ಟ ಹೊಲದ ಗುತ್ತಿಗೆಯ ಹಣ ಎಲ್ಲ ಸೇರಿ ಒಂದೇ ವರ್ಷದಲ್ಲಿ 11 ಲಕ್ಷಕ್ಕೂ ಮೇಲ್ಪಟ್ಟು ನಗದನ್ನು ಉಳಿತಾಯ ಖಾತೆಗೆ ಕಟ್ಟಿದ್ದರು. ಮಗಳ ಮದುವೆಯ ಹಣ. ವರ್ಷಕ್ಕೆ 10 ಲಕ್ಷ ಮುಟ್ಟಿದ ನಗದು ಜಮೆಯನ್ನು ಬ್ಯಾಂಕು ವರದಿ ಮಾಡಲೇಬೇಕು, ಮಾಡಿತು. ನೋಟೀಸು ಬಂದದ್ದು ಅಂಚೆಯಲ್ಲಲ್ಲ, ಇ-ಮೇಲಿನಲ್ಲಿ. ಆ ಇ-ಮೇಲು ಪಾನ್ ಕಾರ್ಡು ಮಾಡಿಸಿಕೊಟ್ಟ ಸೈಬರ್ ಅಂಗಡಿಯ ಹುಡುಗನದು. ಅವರಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಉತ್ತರ ಕೊಡುವ ಗಡುವು ಮುಗಿದಿತ್ತು. ಮತ್ತೆ ಅವಕಾಶ ಕೇಳಿ ಕಾಗದ ಹೊಂದಿಸಲು ಹೊರಟರೆ, ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆ. ಅಜ್ಜ ತೀರಿಕೊಂಡು ಇಪ್ಪತ್ತೆರಡು ವರ್ಷ. ಬೆಳೆಯ ಕಲಮಿನಲ್ಲಿ ಕಾಫಿಯೂ ಇಲ್ಲ, ಅಡಿಕೆಯೂ ಇಲ್ಲ, ರಾಗಿ ಎಂದಿದೆ. ಚೆರ್ರಿ ಕೊಂಡವನು ಕೊಟ್ಟದ್ದು ಸಿಗರೇಟು ಪ್ಯಾಕಿನ ಹಿಂಬದಿಯಲ್ಲಿ ಬರೆದ ತೂಕದ ಲೆಕ್ಕ. ಶುಂಠಿಯವನು ಕೊಟ್ಟದ್ದು ಬಾಯಿಮಾತು. ಮೂಲ ತಿಳಿಯದ ಹಣವೆಂದು ತೆರಿಗೆ ಹಾಕಿದರು. 2016ರ ಡಿಸೆಂಬರಿನ ತಿದ್ದುಪಡಿ ಅಂಥ ಹಣದ ಮೇಲಿನ ತೆರಿಗೆಯನ್ನು ಶೇ. 60ಕ್ಕೆ ಏರಿಸಿ, ಅದರ ಮೇಲೆ ಅಧಿಭಾರ, ಸೆಸ್‌ಗಳನ್ನೂ ಹೇರಿತ್ತು. ಇವರಿಗೆ ಬಿದ್ದದ್ದು ಆ ದರವೇ. ಮೇಲ್ಮನವಿ ಇನ್ನೂ ಬಾಕಿ ಇದೆ. ತೋಟ ಅಲ್ಲಿಯೇ ಇದೆ, ಗಿಡಗಳು ಅಲ್ಲಿಯೇ ಇವೆ, ಯಾರು ಬೇಕಾದರೂ ಹೋಗಿ ನೋಡಬಹುದು. ಆದರೆ ನೋಡಲು ಬರುವವರು ಯಾರೂ ಇಲ್ಲ.

ಶುಂಠಿ ಗುತ್ತಿಗೆಯ ವಿಷಯ ಇನ್ನೂ ವಿಚಿತ್ರ. ಸಾಗುವಳಿಗೆ ಕೊಟ್ಟ ಜಮೀನಿನ ಬಾಡಿಗೆಯೂ ಆದಾಯ ತೆರಿಗೆಯ ದೃಷ್ಟಿಯಲ್ಲಿ ಕೃಷಿ ಆದಾಯವೇ. ಆದರೆ 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಸೈನಿಕರು ಮುಂತಾದ ಕೆಲವರನ್ನು ಬಿಟ್ಟರೆ ಉಳಿದವರು ಕೃಷಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ. ಕೋಟೆ, ಹುಣಸೂರು ತಾಲ್ಲೂಕುಗಳಲ್ಲಿ ಶುಂಠಿಗೆ ಹೊಲ ಕೊಡದ ಊರು ಕಡಿಮೆ ಎಂಬುದು ಯಾರಿಗೆ ಗೊತ್ತಿಲ್ಲ? ಒಂದು ಕಾನೂನು ಕರಾರುಪತ್ರ ತೋರಿಸು ಎನ್ನುತ್ತದೆ, ಇನ್ನೊಂದು ಅಂಥ ಕರಾರನ್ನೇ ಮಾಡಬೇಡ ಎನ್ನುತ್ತದೆ.

ಮೊದಲು ಹೀಗಿರಲಿಲ್ಲವೆಂದು ಹಿರಿಯ ಸದಸ್ಯರು ಹೇಳುವುದರಲ್ಲಿ ಅರ್ಥವಿದೆ. 1942ರ ಕಾಫಿ ಕಾಯ್ದೆಯ ಕೆಳಗೆ ಪೂಲ್ ಪದ್ಧತಿ ಇದ್ದಾಗ ಬೆಳೆದ ಕಾಫಿಯನ್ನು ಮಂಡಳಿಗೆ ಒಪ್ಪಿಸಬೇಕಿತ್ತು. ಹಣ ಕಂತುಕಂತಾಗಿ, ವರ್ಷಗಟ್ಟಲೆ ತಡವಾಗಿ ಬರುತ್ತಿತ್ತು. ಅದಕ್ಕಾಗಿ ನಾವೂ ಮಂಡಳಿಯನ್ನು ಬೈದವರೇ. ಆದರೆ ಇಷ್ಟು ಕಾಫಿ ಬೆಳೆದೆ, ಇಷ್ಟು ಕೊಟ್ಟೆ, ಇಷ್ಟು ಹಣ ಬಂತು ಎಂಬುದಕ್ಕೆ ಸರ್ಕಾರದ್ದೇ ಚೀಟಿ ಕೈಯಲ್ಲಿರುತ್ತಿತ್ತು. 1957ರ ರಾಜ್ಯದ ಕೃಷಿ ಆದಾಯ ತೆರಿಗೆ ಕಾಯ್ದೆಯ ಅಧಿಕಾರಿ ಕೇಳಿದರೂ ಅದನ್ನೇ ಮುಂದಿಟ್ಟರೆ ಸಾಕಾಗಿತ್ತು. ಆ ಅಧಿಕಾರಿಗೆ ಚೆರ್ರಿ ಯಾವುದು, ಪಾರ್ಚ್‌ಮೆಂಟ್ ಯಾವುದು ತಿಳಿದಿತ್ತು. ಹಿಂದಿನ ವರ್ಷ ಹೂಮಳೆ ಕೈಕೊಟ್ಟಿತೆಂದರೆ ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. 1990ರ ದಶಕದಲ್ಲಿ ಪೂಲ್ ಹಂತಹಂತವಾಗಿ ಸಡಿಲವಾಗಿ 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಬೆಲೆಯ ಸ್ವಾತಂತ್ರ್ಯ ಬಂತು, ಚೀಟಿ ಹೋಯಿತು.

ನಮ್ಮ ಪಕ್ಕದ ಹೊಲದ ಹೊಗೆಸೊಪ್ಪಿನವನನ್ನು ನೋಡಿ. ತಂಬಾಕು ಮಂಡಳಿ 1984ರಿಂದ ಹರಾಜು ನಡೆಸುತ್ತಿದೆ. ಅವನಿಗೆ ಪರವಾನಗಿಯ ಸಂಖ್ಯೆ ಇದೆ, ಬೇಲಿನ ತೂಕಕ್ಕೆ ಚೀಟಿ ಇದೆ, ಹಣ ನೇರ ಬ್ಯಾಂಕಿಗೆ ಬರುತ್ತದೆ. ಹರಾಜುಕಟ್ಟೆಯಲ್ಲಿ ಅವನು ಪಡುವ ಪಾಡು ಬೇರೆ, ಅದನ್ನು ಅವನ ಬಾಯಿಂದಲೇ ಕೇಳಬೇಕು. ಆದರೆ ಈ ಹಣ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಅವನ ಬಳಿ ಉತ್ತರವಿದೆ, ನಮ್ಮ ಬಳಿ ಇಲ್ಲ.

ಈಗ ಇಲಾಖೆಗಳ ಸುಧಾರಣೆಯ ಮಾತಿಗೆ ಬರೋಣ. ಸುಧಾರಣೆಯೇ ಆಗಿಲ್ಲವೆಂದರೆ ತಪ್ಪಾಗುತ್ತದೆ. ಆದಾಯ ತೆರಿಗೆ ಇಲಾಖೆಯ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ ನಮ್ಮ ಬೆಂಗಳೂರಿನಲ್ಲಿಯೇ ಇದ್ದು, ಮೊದಲು ವರ್ಷಗಟ್ಟಲೆ ಕಾಯಬೇಕಿದ್ದ ವಾಪಸಾತಿ ಹಣ ಈಗ ಎಷ್ಟೋ ಬೇಗ ಬರುತ್ತಿದೆ. ಪಾರ್ಥಸಾರಥಿ ಶೋಮ್ ಅವರ ಅಧ್ಯಕ್ಷತೆಯಲ್ಲಿ 2013ರಲ್ಲಿ ನೇಮಕವಾದ ಆಯೋಗ ತೆರಿಗೆ ಇಲಾಖೆಗಳು ತೆರಿಗೆ ಕೊಡುವವನನ್ನು ಗಿರಾಕಿಯಂತೆ ಕಾಣಬೇಕೆಂಬ ದಿಕ್ಕಿನಲ್ಲಿ ಸಂಪುಟಗಟ್ಟಲೆ ಸಲಹೆ ನೀಡಿತು. 2019ರಿಂದ ಆರಂಭಿಸಿ 2020ರ ಆಗಸ್ಟಿನಲ್ಲಿ ವಿಸ್ತರಿಸಿದ ಮುಖರಹಿತ ತೆರಿಗೆ ನಿರ್ಧಾರಣೆಯಲ್ಲಿ ಅಧಿಕಾರಿ ಯಾರೆಂದು ನಮಗೆ ತಿಳಿಯದು, ಯಾವ ಊರಿನಲ್ಲಿ ಕುಳಿತಿದ್ದಾನೆಂಬುದೂ ತಿಳಿಯದು. ಲಂಚಕ್ಕೆ ಇದು ಮದ್ದು ಎಂಬುದನ್ನು ನಾವು ಒಪ್ಪುತ್ತೇವೆ. ಕಚೇರಿಯ ಬಾಗಿಲಲ್ಲಿ ಕಾಯುವುದು ತಪ್ಪಿತೆಂಬುದನ್ನೂ ಒಪ್ಪುತ್ತೇವೆ. ಆದರೆ ಮುಖವಿಲ್ಲದ ಅಧಿಕಾರಿಗೆ ಕಣ್ಣೂ ಇಲ್ಲವಾಯಿತು. ಅಡಿಕೆ ಎಂದರೆ ವರ್ಷಕ್ಕೊಮ್ಮೆ ಕೈಸೇರುವ ಹಣ, ಮಳೆ ಹಿಡಿದರೆ ಕೊಳೆರೋಗದಲ್ಲಿ ಅರ್ಧ ನೆಲಕ್ಕೆ ಎಂಬುದನ್ನು ಬೇರೆ ರಾಜ್ಯದ ನಗರದಲ್ಲಿ ಕುಳಿತವನಿಗೆ ಯಾವ ಫಾರಂನಲ್ಲಿ ತಿಳಿಸುವುದು? ಅವನು ನೋಡುವುದು ಅಪ್‌ಲೋಡ್ ಆದ ಕಾಗದವನ್ನು ಮಾತ್ರ. ಆ ಕಾಗದವೋ, ಪಹಣಿ.

ಸಡಿಲ ಬಿಡಿ ಎಂದು ಕೇಳುವ ಸ್ಥಿತಿಯಲ್ಲಿಯೂ ನಾವಿಲ್ಲ. ಕೃಷಿ ಆದಾಯವೆಂದು ತೋರಿಸಿದ ಪ್ರಕರಣಗಳಲ್ಲಿ ಮಹಾಲೇಖಪಾಲರು ಪರೀಕ್ಷಿಸಿದವುಗಳ ಪೈಕಿ ಸುಮಾರು ಶೇ. 22ರಷ್ಟರಲ್ಲಿ ಸರಿಯಾದ ದಾಖಲೆಯಿಲ್ಲದೆ ವಿನಾಯಿತಿ ಕೊಟ್ಟಿದ್ದರೆಂಬ ವಿಷಯವನ್ನು ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ 2022ರಲ್ಲಿ ಎತ್ತಿತು. ಕಪ್ಪು ಹಣವನ್ನು ಬೇಸಾಯದ ಹೆಸರಿನಲ್ಲಿ ಬಿಳಿ ಮಾಡುವ ಪಟ್ಟಣದ ದೊಡ್ಡವರಿಂದಾಗಿ ಬಂದ ಮಾತು ಇದು. ಬಲೆ ಬೀಸುವುದು ಅವರಿಗಾದರೂ ಸಿಕ್ಕುವುದು ಕಾಗದವಿಲ್ಲದ ನಾವು.

ಹಾಗಾದರೆ ಪಹಣಿಯ ಸ್ಥಿತಿ ಏನು? ಶಾನುಭೋಗಿಕೆ ಹೋಗಿ ಗ್ರಾಮ ಲೆಕ್ಕಿಗರು ಬಂದರು, ಈಗ ಅವರಿಗೆ ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರಾಗಿದೆ. 2000ದ ಸುಮಾರಿಗೆ ಬಂದ 'ಭೂಮಿ' ಯೋಜನೆ 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿ, ಖಾತೆ ಬದಲಾವಣೆಯ ಅರ್ಜಿಯನ್ನು ಬಂದ ಸರದಿಯಲ್ಲಿಯೇ ನೋಡಬೇಕೆಂದು ಕಟ್ಟುಮಾಡಿತು. ಅರ್ಜಿಯನ್ನು ಫೈಲಿನ ಅಡಿಗೆ ತಳ್ಳುವ ವಿದ್ಯೆಗೆ ಇದರಿಂದ ಪೆಟ್ಟು ಬಿದ್ದದ್ದು ನಿಜ. 2011ರ 'ಸಕಾಲ' ಕಾಯ್ದೆ ಪ್ರತಿ ಸೇವೆಗೂ ದಿನಗಳ ಲೆಕ್ಕ ಕಟ್ಟಿತು. ಆದರೆ ಕಂಪ್ಯೂಟರಿಗೆ ಏರಿದ್ದು ಹಳೆಯ ಪುಸ್ತಕದಲ್ಲಿದ್ದ ಹೆಸರೇ, ಹಳೆಯ ಬೆಳೆಯೇ, ಹಳೆಯ ತಪ್ಪೇ. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸಲು ಹೊರಟಾಗ ಲಕ್ಷಾಂತರ ಪಹಣಿಗಳು ತೀರಿಕೊಂಡವರ ಹೆಸರಿನಲ್ಲಿಯೇ ಇರುವುದು ಸರ್ಕಾರಕ್ಕೂ ಕಂಡಿತು. ಆ ಬಳಿಕ ಪೌತಿ ಖಾತೆಯ ಆಂದೋಲನ ನಡೆಯಿತು. ದರಖಾಸ್ತಿನಲ್ಲಿ ಮಂಜೂರಾಗಿ ಪೋಡಿ ಆಗದ ಜಮೀನುಗಳಿಗಾಗಿ 2024ರ ಕೊನೆಯಲ್ಲಿ ಅಭಿಯಾನ ಶುರುವಾಯಿತು. ಒಂದೇ ಸರ್ವೆ ನಂಬರಿನಲ್ಲಿ ಹತ್ತಾರು ಜನ ಮಂಜೂರಿದಾರರಿರುವ ಊರುಗಳಲ್ಲಿ ನನ್ನ ತೋಟ ಯಾವುದು, ಪಕ್ಕದವನದು ಯಾವುದು ಎಂದು ಕಾಗದದಲ್ಲಿ ಹೇಳಲಾಗದು. ಈ ಕೆಲಸ ಮುಗಿಯದೆ ಬೇರೆ ಯಾವ ಸುಧಾರಣೆಯೂ ನಮ್ಮ ಹೊಸಿಲು ದಾಟದು ಎಂಬುದು ನಮ್ಮ ದೃಢ ಅಭಿಪ್ರಾಯ. ಕೋಟೆಯಿಂದ ಸರಗೂರು, ಕೃಷ್ಣರಾಜನಗರದಿಂದ ಸಾಲಿಗ್ರಾಮ ಬೇರೆ ತಾಲ್ಲೂಕುಗಳಾದುವು. ಬೋರ್ಡು ಬರೆಸುವುದು ಸುಲಭ. ಸರ್ವೆಯರುಗಳ ಸಂಖ್ಯೆ, ಹಳೆಯ ಕಡತಗಳ ಹುಡುಕಾಟ ಅಷ್ಟು ಸುಲಭವಲ್ಲ.

ಬೆಳೆಯ ಕಲಮಿನ ಬಗ್ಗೆ ಸದಸ್ಯರೇ ಮನಸ್ಸು ಮಾಡಬೇಕು. ರೈತರೇ ಮೊಬೈಲಿನಲ್ಲಿ ಬೆಳೆ ಸಮೀಕ್ಷೆ ದಾಖಲಿಸುವ ಅವಕಾಶ 2020ರಿಂದ ಬಂದಿದೆ. ನಮ್ಮಲ್ಲಿ ಎಷ್ಟು ಜನ ಮಾಡಿದ್ದೇವೆ? ಹುಡುಗರ ಕೈಗೆ ಮೊಬೈಲು ಕೊಟ್ಟು ತೋಟಕ್ಕೆ ಕಳಿಸಿದರೆ ಅರ್ಧ ದಿನದ ಕೆಲಸ. ಹಿಂದಿನ ಸಭೆಯಲ್ಲಿ ಒಬ್ಬರು ಎದ್ದುನಿಂತು, "ಕಾಫಿ ಎಂದು ಬರೆಸಿದರೆ ನಾಳೆ ರೇಷನ್ ಕಾರ್ಡು ಹೋಗುತ್ತದೆ, ನಾಡಿದ್ದು ತೆರಿಗೆ ಬರುತ್ತದೆ, ರಾಗಿ ಎಂದೇ ಇರಲಿ" ಎಂದರು. ಅವರ ಭಯ ಸುಳ್ಳಲ್ಲ, ಆದರೆ ಅವರ ಉಪಾಯ ಸರಿಯಲ್ಲ. ರಾಗಿಯ ಪಹಣಿ ಇಟ್ಟುಕೊಂಡು ಕಾಫಿಯ ಹಣ ಬ್ಯಾಂಕಿಗೆ ಕಟ್ಟಿದವನಿಗೆ ಹೊಡೆತ ಎರಡು ಪಟ್ಟು. ಎರಡೆಕರೆ ರಾಗಿಯಲ್ಲಿ 11 ಲಕ್ಷ ಹೇಗೆ ಬಂತೆಂದು ಕೇಳಿದರೆ ಹೇಳುವುದೇನು?

ನಗದಿನ ಮೋಹವನ್ನೂ ಬಿಡಬೇಕು. 2017ರ ಏಪ್ರಿಲಿನಿಂದ ಒಬ್ಬನಿಂದ ಒಂದು ದಿನದಲ್ಲಿ 2 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ಹಣವನ್ನು ನಗದಾಗಿ ಪಡೆಯುವುದು ನಿಷಿದ್ಧ. ಪಡೆದವನ ಮೇಲೆ ಅಷ್ಟೇ ಮೊತ್ತದ ದಂಡ ಬೀಳಬಹುದು. ರೈತನಿಗೂ ಇದು ಅನ್ವಯ. ಬೆಳೆಗಾರ ತನ್ನ ಉತ್ಪನ್ನವನ್ನು ವ್ಯಾಪಾರಿಗೆ 2 ಲಕ್ಷದೊಳಗೆ ನಗದಿಗೆ ಮಾರಿದರೆ ತೊಂದರೆಯಿಲ್ಲವೆಂದು ಪ್ರತ್ಯಕ್ಷ ತೆರಿಗೆ ಮಂಡಳಿ 2017ರ ನವೆಂಬರ್ 3ರ ಸುತ್ತೋಲೆಯಲ್ಲಿ ತಿಳಿಸಿದೆ. ನಾಲ್ಕು ಕಾಸು ಹೆಚ್ಚು ಕೊಡುತ್ತಾನೆಂದು ಬಿಲ್ಲಿಲ್ಲದ ವ್ಯಾಪಾರಿಗೆ ಮಾರುವಾಗ ಆ ನಾಲ್ಕು ಕಾಸಿನ ನಿಜವಾದ ಬೆಲೆ ಎಷ್ಟೆಂದು ಯೋಚಿಸಿ. ಸಹಕಾರ ಸಂಘದ ಮೂಲಕ ಮಾರಿದವರಿಗೆ ತೂಕದ ಪಟ್ಟಿ, ಬ್ಯಾಂಕಿನ ಜಮೆ ಎರಡೂ ಸಿಗುತ್ತವೆ. ಕರಾವಳಿಯಲ್ಲಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದವರಿಗೆ ಬೇಕಿದ್ದುದು ಬೆಲೆ. ಜೊತೆಯಲ್ಲಿ ಸದಸ್ಯರ ಕೈಗೆ ಲೆಕ್ಕದ ಕಾಗದವೂ ಬಂತು.

ಸರ್ಕಾರಗಳಿಂದ ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ರಾಜ್ಯದ ಬೆಳೆ ಸಮೀಕ್ಷೆ, ಪಹಣಿ, ಫ್ರೂಟ್ಸ್ ನೋಂದಣಿಗಳ ಮಾಹಿತಿಯನ್ನು ಆದಾಯ ತೆರಿಗೆಯ ಅಧಿಕಾರಿ ತಾನೇ ತೆರೆದು ನೋಡುವಂತಾಗಲಿ. ಬ್ಯಾಂಕಿನ ಜಮೆ ತಾನಾಗಿ ಅವನ ಕಣ್ಣಿಗೆ ಬೀಳುವುದಾದರೆ ನಮ್ಮ ತೋಟ ಏಕೆ ಬೀಳಬಾರದು? ಪೌತಿ ಖಾತೆ ಆಗದ ಕುಟುಂಬಗಳಲ್ಲಿ ಸಾಗುವಳಿ ಮಾಡುತ್ತಿರುವವರು ಯಾರೆಂದು ತಹಸೀಲ್ದಾರರು ಕೊಡುವ ದೃಢೀಕರಣವನ್ನು, ಖಾತೆ ಆಗುವವರೆಗೆ, ಪುರಾವೆಯೆಂದು ಒಪ್ಪಲಿ. ನೋಟೀಸು ಇ-ಮೇಲಿನ ಜೊತೆ ಅಂಚೆಯಲ್ಲಿಯೂ ಕನ್ನಡದಲ್ಲಿಯೂ ಬರಲಿ. ಬೆಳೆಗಾರ ಕೇಳಿಕೊಂಡರೆ ಸ್ಥಳ ಪರಿಶೀಲನೆಗೆ ಒಬ್ಬರನ್ನು ಕಳಿಸುವ ಏರ್ಪಾಡು ಇರಲಿ. ಅವರು ಲಂಚ ಕೇಳಿಯಾರೆಂಬ ಭಯಕ್ಕೆ, ತೆಗೆದ ಚಿತ್ರಗಳನ್ನು ಅಲ್ಲಿಂದಲೇ ದಾಖಲಿಸುವುದು ಪರಿಹಾರ. 5,000 ರೂಪಾಯಿಯ ಮಿತಿಯನ್ನು ಈ ಕಾಲದ ಬೆಲೆಗೆ ಏರಿಸಲಿ. ಚಹಾ, ಕಾಫಿ, ರಬ್ಬರ್ ಅಭಿವೃದ್ಧಿ ಖಾತೆಯಂಥ ರಿಯಾಯಿತಿಗಳು ದೊಡ್ಡ ಎಸ್ಟೇಟುಗಳಿಗೆ ಮಾತ್ರ ಎಟುಕುತ್ತವೆ, ಅವುಗಳ ಬಗ್ಗೆ ನಮಗೆ ಹೊಟ್ಟೆಕಿಚ್ಚಿಲ್ಲ.

ಈ ಬೇಡಿಕೆಗಳ ಮನವಿಯ ಕರಡು ಸಂಘದ ಕಚೇರಿಯಲ್ಲಿದೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಅದನ್ನು ಓದಿ, ತಿದ್ದಿ, ಹುಣಸೂರಿನ ಉಪವಿಭಾಗಾಧಿಕಾರಿಗಳ ಮೂಲಕ ಕಳಿಸುವ ಉದ್ದೇಶವಿದೆ. ಸಭೆಗೆ ಬರುವವರು ತಮ್ಮ ಪಹಣಿಯ ಪ್ರತಿಯೊಂದನ್ನು ತರಬೇಕು. ಯಾರ ಹೆಸರಿನಲ್ಲಿದೆ, ಬೆಳೆ ಏನೆಂದಿದೆ ಎಂಬ ಎರಡು ವಿಷಯಗಳನ್ನು ಗುಮಾಸ್ತರು ಪಟ್ಟಿ ಮಾಡಿಕೊಳ್ಳುತ್ತಾರೆ. ಪಾನ್ ಕಾರ್ಡಿಗೆ ಯಾರ ಇ-ಮೇಲು, ಯಾರ ಫೋನು ಕೊಟ್ಟಿದೆ ಎಂಬುದನ್ನೂ ಮನೆಯಲ್ಲಿ ವಿಚಾರಿಸಿಕೊಂಡು ಬನ್ನಿ. ಅಣ್ಣತಮ್ಮಂದಿರಲ್ಲಿ ಮಾತು ಬಿಟ್ಟು ಪೌತಿ ಖಾತೆ ನಿಂತುಹೋದ ಮನೆಗಳ ಸದಸ್ಯರು ಸಭೆಗೆ ಮುನ್ನ ಒಂದು ದಿನ ಕಚೇರಿಗೆ ಬಂದು ಕಂಡರೆ ಒಳ್ಳೆಯದು. ಆ ವಿಚಾರ ಸಭೆಯಲ್ಲಿ ಆಡುವಂಥದಲ್ಲ.